ಮೊದಲ ಎಂಯುಎನ್, ಅದರಲ್ಲೂ ಪುಟ್ಟ ದೇಶ ಸಿಕ್ಕಿದೆ: ಹೇಗೆ ತಯಾರಾಗಲಿ?

ಪ್ರಶ್ನೆ: ನಾನು ಹನ್ನೊಂದನೇ ತರಗತಿ ವಿದ್ಯಾರ್ಥಿನಿ. ಮುಂದಿನ ತಿಂಗಳು ನನ್ನ ಮೊದಲ ಮಾಡೆಲ್ ಯುಎನ್ (ಎಂಯುಎನ್), ಅಂದರೆ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ (ಡೆಲಿಗೇಟ್) ವಿಶ್ವಸಂಸ್ಥೆಯ ಸಭೆಯಂತೆ ನಡೆಸುವ ಅಣಕು ಸಮ್ಮೇಳನ. ನನ್ನದು ಸಾಮಾನ್ಯ ಸಭೆಯ ಮೂರನೇ ಸಮಿತಿ. ವಿಷಯ, ಹವಾಮಾನ ಬದಲಾವಣೆಯಿಂದ ನೆಲೆ ಕಳೆದುಕೊಳ್ಳುವವರ ರಕ್ಷಣೆ. ಕೊಟ್ಟಿರುವ ದೇಶ ವನುವಾಟು. ಹೆಸರು ಕೇಳಿದ್ದೇ ಇದೇ ಮೊದಲು. ಅಮೆರಿಕ, ಚೀನಾ, ರಷ್ಯಾ ಸಿಕ್ಕವರೆಲ್ಲ ಅನುಭವ ಇರುವವರು. ಮೈಕ್ ಮುಂದೆ ಇಂಗ್ಲಿಷ್‌ನಲ್ಲಿ ಮಾತಾಡೋದಕ್ಕೆ ನನಗೆ ಅಳುಕು. ಹೇಗೆ ತಯಾರಾಗಬೇಕು? ಬೆಸ್ಟ್ ಡೆಲಿಗೇಟ್ ಪ್ರಶಸ್ತಿ ನನ್ನಂಥವರಿಗೆ ಸಿಗುತ್ತದಾ?

ಉತ್ತರ: ಪುಟ್ಟ ದೇಶ ಸಿಕ್ಕಿತು ಅನ್ನೋ ಬೇಸರವನ್ನು ಮೊದಲು ಬಿಡಿ. ನಿಮ್ಮ ಸಮಿತಿಯ ಈ ವಿಷಯಕ್ಕೆ ಪೆಸಿಫಿಕ್ ಸಾಗರದ ವನುವಾಟುಗಿಂತ ಒಳ್ಳೆ ದೇಶ ಸಿಗೋದು ಕಷ್ಟ.

ಯಾಕೆ ಗೊತ್ತಾ? 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ಒಂದು ಯೋಚನೆ ಮುಂದಿಟ್ಟರು. ಹವಾಮಾನದ ವಿಚಾರದಲ್ಲಿ ದೇಶಗಳ ಹೊಣೆ ಏನು ಅಂತ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿಬಿಡೋಣ ಅಂದರು. ವನುವಾಟು ಸರ್ಕಾರ ಅದನ್ನು ಕೈಗೆತ್ತಿಕೊಂಡಿತು. ಒಂದೊಂದೇ ದೇಶವನ್ನು ಒಪ್ಪಿಸುತ್ತಾ, ನಿರ್ಣಯದ ಕರಡನ್ನು ತಿದ್ದುತ್ತಾ ಹೋಯಿತು. 2023ರ ಮಾರ್ಚ್ 29ರಂದು ಸಾಮಾನ್ಯ ಸಭೆ ಆ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಅಷ್ಟು ಹೊತ್ತಿಗೆ 130ಕ್ಕೂ ಹೆಚ್ಚು ದೇಶಗಳು ಸಹ-ಪ್ರಾಯೋಜಕರಾಗಿದ್ದವು. 2025ರ ಜುಲೈ 23ರಂದು ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯವನ್ನೂ ಕೊಟ್ಟಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಮೇಲಿರುವ ಕಾನೂನಿನ ಹೊಣೆ ಅಂತ ಅದರಲ್ಲಿ ಹೇಳಿದೆ. ಇಷ್ಟನ್ನೆಲ್ಲ ಮಾಡಿಸಿದ್ದು ಸುಮಾರು ಮೂರು ಲಕ್ಷ ಜನರ ದ್ವೀಪ ದೇಶ. ಶುರು ಮಾಡಿದ್ದು ನಿಮಗಿಂತ ಸ್ವಲ್ಪವೇ ದೊಡ್ಡ ವಿದ್ಯಾರ್ಥಿಗಳು.

ಇನ್ನೊಂದು ವಿಷಯ. ಸಾಮಾನ್ಯ ಸಭೆಯಲ್ಲಿ ವೀಟೋ, ಅಂದರೆ ಒಂದೇ ದೇಶ ನಿರ್ಣಯವನ್ನು ತಡೆದುಬಿಡುವ ಅಧಿಕಾರ, ಇಲ್ಲ. 193 ದೇಶಗಳಿಗೂ ಒಂದೊಂದೇ ಮತ. ವೀಟೋ ಇರೋದು ಭದ್ರತಾ ಮಂಡಳಿಯಲ್ಲಿ, ಐದು ಕಾಯಂ ಸದಸ್ಯರಿಗೆ ಮಾತ್ರ. ನಿಮ್ಮ ಸಮಿತಿಯಲ್ಲಿ ಚೀನಾದ ಮತಕ್ಕೂ ವನುವಾಟು ಮತಕ್ಕೂ ತೂಕ ಒಂದೇ. ಅನುಭವಸ್ಥರು ಅಂತ ನೀವು ಹೆದರುತ್ತಿರುವವರಿಗೂ ಎಷ್ಟೋ ಸಲ ಇದು ಮರೆತುಹೋಗಿರುತ್ತದೆ.

ಈಗ ತಯಾರಿಗೆ ಬರೋಣ. ಎರಡು ಮೂರು ದಿನದ ಸಮ್ಮೇಳನದಲ್ಲಿ ನಿಮ್ಮ ಗುರಿ ಏನಿರಬೇಕು? ನನ್ನನ್ನು ಕೇಳಿದರೆ ಒಂದೇ. ನಿಮ್ಮ ದೇಶಕ್ಕೆ ನಿಜವಾಗಿ ಬೇಕಾದ ಒಂದು ವಿಷಯ, ನೀವೇ ಬರೆದ ಕಲಂ ಆಗಿ, ಕೊನೆಯಲ್ಲಿ ಪಾಸಾದ ನಿರ್ಣಯದಲ್ಲಿ ಉಳಿದಿರಬೇಕು. ಭಾಷಣ, ಓದು, ಗೆಳೆತನ, ಎಲ್ಲವೂ ಆ ಕಲಮಿಗಾಗಿ. ಹೀಗೆ ನೋಡಿದರೆ ಏನು ಓದಬೇಕು, ಏನು ಬಿಡಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ದೇಶದ ರಾಜಧಾನಿ, ಧ್ವಜ, ಜನಸಂಖ್ಯೆ ಅಂತ ಪುಟಗಟ್ಟಲೆ ಬರೆದುಕೊಳ್ಳುವವರನ್ನು ನೋಡಿದ್ದೇನೆ. ಅದು ಸಮಿತಿಯಲ್ಲಿ ಕೆಲಸಕ್ಕೆ ಬರೋದು ಕಡಿಮೆ. ಈ ವಿಷಯದಲ್ಲಿ ವನುವಾಟು ಏನು ಮಾಡಿದೆ, ಏನು ಕೇಳಿದೆ, ಯಾವುದನ್ನು ಒಪ್ಪೋದಿಲ್ಲ, ಇವನ್ನು ಹುಡುಕಿ. 1991ರಲ್ಲೇ, ಹವಾಮಾನ ಒಪ್ಪಂದದ ಕರಡು ತಯಾರಾಗುತ್ತಿದ್ದಾಗ, ಸಣ್ಣ ದ್ವೀಪ ದೇಶಗಳ ಕೂಟದ ಪರವಾಗಿ ವನುವಾಟು ಒಂದು ಪ್ರಸ್ತಾಪ ಇಟ್ಟಿತ್ತು. ಸಮುದ್ರ ಮಟ್ಟ ಏರಿ ಆಗುವ ನಷ್ಟಕ್ಕೆ ಅಂತರರಾಷ್ಟ್ರೀಯ ವಿಮಾ ನಿಧಿ ಬೇಕು ಅಂತ. ಆಗ ಅದು ನಡೆಯಲಿಲ್ಲ. ಹವಾಮಾನ ಬದಲಾವಣೆಯಿಂದ ಆಗುವ ನಷ್ಟ ಮತ್ತು ಹಾನಿಗಾಗಿ ನಿಧಿ ಮಾಡೋಣ ಅಂತ ದೇಶಗಳು ಒಪ್ಪಿದ್ದು 2022ರಲ್ಲಿ, ಈಜಿಪ್ಟ್‌ನ ಶರ್ಮ್ ಎಲ್ ಶೇಖ್ ಸಮ್ಮೇಳನದಲ್ಲಿ. ನಡುವೆ ಮೂವತ್ತು ವರ್ಷ ಹೋಯಿತು! ಇದನ್ನು ತಿಳಿದ ವನುವಾಟು ಡೆಲಿಗೇಟ್ ಎದ್ದು ನಿಂತು "ನಾವು ಇದನ್ನು 1991ರಿಂದ ಕೇಳುತ್ತಿದ್ದೇವೆ" ಅಂದರೆ ಕೋಣೆ ತಿರುಗಿ ನೋಡುತ್ತದೆ.

ಮನೆ-ಊರು ಬಿಡಬೇಕಾಗಿ ಬಂದವರಿಗಾಗಿ ವನುವಾಟು 2018ರಲ್ಲಿ ತನ್ನದೇ ರಾಷ್ಟ್ರೀಯ ನೀತಿ ತಂದಿದೆ. ಅದನ್ನು ಹುಡುಕಿ ಓದಿ. ಜೊತೆಗೆ ಸಂವಿಧಾನದ ಒಂದು ಸಾಲನ್ನೂ ನೋಡಿ: ದೇಶದ ಭೂಮಿಯೆಲ್ಲ ಅಲ್ಲಿನ ಮೂಲ ಜನರಿಗೆ, ಅವರ ಸಂತತಿಗೆ ಸೇರಿದ್ದು. ಇದರಿಂದ ಒಂದು ದೊಡ್ಡ ವಿಷಯ ಹೊಳೆಯುತ್ತದೆ, ಅಲ್ವಾ? ನೆಲವೇ ಕುಲದ ಗುರುತು ಅಂದುಕೊಂಡಿರುವ ಜನರಿಗೆ "ಬೇರೆ ದೇಶಕ್ಕೆ ಹೋಗಿ, ವೀಸಾ ಕೊಡುತ್ತೇವೆ" ಅಂದರೆ ಸಮಾಧಾನ ಆಗೋದಿಲ್ಲ. ಅವರಿಗೆ ಮೊದಲು ಬೇಕಾಗಿರೋದು ಇದ್ದಲ್ಲೇ ಉಳಿಯುವ ಹಕ್ಕು. ಆಮೇಲೆ, ಹೋಗಲೇಬೇಕಾಗಿ ಬಂದರೆ, ಮರ್ಯಾದೆಯಿಂದ ಹೋಗುವ ದಾರಿ. ಇಂಗಾಲದ ಹೊಗೆ ಕಡಿಮೆ ಮಾಡೋ ಮಾತೇ ಎತ್ತದೆ ಬರೀ ವಲಸೆಯನ್ನು ಪರಿಹಾರವಾಗಿ ತೋರಿಸುವ ಕರಡಿಗೆ ನೀವು ಸಹಿ ಹಾಕಬಾರದು. ಇದು ನಿಮ್ಮ ಗೆರೆ. ಇದನ್ನು ದಾಟಿದರೆ ನೀವು ವನುವಾಟು ಆಗಿ ಉಳಿಯೋದಿಲ್ಲ.

ಮೂಲಗಳನ್ನು ಎಲ್ಲಿ ಹುಡುಕೋದು? ಪ್ರತಿ ಸೆಪ್ಟೆಂಬರ್‌ನಲ್ಲಿ ದೇಶದ ನಾಯಕರು ಸಾಮಾನ್ಯ ಸಭೆಯಲ್ಲಿ ಮಾಡುವ ಭಾಷಣಗಳು ಸಿಗುತ್ತವೆ. ಕೊನೆಯ ಎರಡು ಮೂರು ವರ್ಷದ್ದು ಓದಿ. ಯಾವ ನಿರ್ಣಯಕ್ಕೆ ಯಾರು ಹೇಗೆ ಮತ ಹಾಕಿದರು ಅನ್ನೋದು ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯದಲ್ಲಿ ಇದೆ. ಚಾಟ್‌ಬಾಟ್ ಕೊಟ್ಟ ನಿರ್ಣಯದ ಸಂಖ್ಯೆಯನ್ನು ಅಲ್ಲಿ ಹೋಗಿ ನೋಡದೆ ಬಳಸಬೇಡಿ. ಇಲ್ಲದ ನಿರ್ಣಯವನ್ನು ಉಲ್ಲೇಖಿಸಿ ಸಿಕ್ಕಿಬಿದ್ದರೆ ಆಮೇಲೆ ನೀವು ನಿಜ ಹೇಳಿದರೂ ಯಾರೂ ನಂಬೋದಿಲ್ಲ.

ನಿಮ್ಮ ವಿಷಯದಲ್ಲಿ ಒಂದು ಗುಂಡಿ ಇದೆ. ಅರ್ಧ ಕೋಣೆ ಅದರಲ್ಲಿ ಬೀಳುತ್ತದೆ. "ಹವಾಮಾನ ನಿರಾಶ್ರಿತರು" ಅಂತ ಎಲ್ಲರೂ ಮಾತಾಡುತ್ತಾರೆ. ಆದರೆ 1951ರ ನಿರಾಶ್ರಿತರ ಒಪ್ಪಂದದಲ್ಲಿ ಹವಾಮಾನದ ಮಾತೇ ಇಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಕಾರಣಗಳಿಗೆ ಕಿರುಕುಳದ ಭಯ ಇದ್ದವರು ಮಾತ್ರ ಅಲ್ಲಿ ನಿರಾಶ್ರಿತರು. ಅದೂ ತಮ್ಮ ದೇಶದ ಗಡಿ ದಾಟಿದ ಮೇಲೆ. ದ್ವೀಪದ ಒಂದು ದಡದಿಂದ ಎತ್ತರದ ಜಾಗಕ್ಕೆ ಹೋದ ಊರಿನವರು ಆ ಒಪ್ಪಂದದೊಳಗೆ ಬರೋದೇ ಇಲ್ಲ. ಹಾಗಾಗಿ "ನೆಲೆ ತಪ್ಪಿದವರು" ಅಂತಲೇ ಹೇಳಿ. ಯಾರಾದರೂ ಒಪ್ಪಂದವನ್ನೇ ತಿದ್ದೋಣ ಅಂದರೆ, ಅದು ನಿಮ್ಮ ಸಮಿತಿಯ ಕೈಯಲ್ಲಿ ಇಲ್ಲ ಅಂತ ಮೆತ್ತಗೆ ನೆನಪಿಸಿ. ಸಾಮಾನ್ಯ ಸಭೆ ಶಿಫಾರಸು ಮಾಡಬಹುದು, ಕೋರಬಹುದು, ವರದಿ ಕೇಳಬಹುದು. ಆರ್ಥಿಕ ದಿಗ್ಬಂಧನ ಹೇರೋದು, ಸೈನ್ಯ ಬಳಸಲು ಅನುಮತಿ ಕೊಡೋದು ಭದ್ರತಾ ಮಂಡಳಿಯ ಕೆಲಸ.

ನಿಮ್ಮ ದೇಶವನ್ನು ಓದಿದಷ್ಟೇ ಎದುರಿನವರನ್ನೂ ಓದಿ. ಇದನ್ನು ಮಾಡುವವರು ತೀರಾ ಕಡಿಮೆ. ಶ್ರೀಮಂತ ದೇಶಗಳಿಗೆ "ಪರಿಹಾರ ಧನ", "ಕಾನೂನು ಹೊಣೆ" ಅಂದರೆ ಆಗೋದಿಲ್ಲ. 2015ರಲ್ಲಿ ಪ್ಯಾರಿಸ್ ಒಪ್ಪಂದ ಆದಾಗ, ನಷ್ಟ ಮತ್ತು ಹಾನಿಯ ವಿಧಿ ಹೊಣೆಗಾರಿಕೆಗಾಗಲಿ ಪರಿಹಾರ ಧನಕ್ಕಾಗಲಿ ಆಧಾರ ಆಗೋದಿಲ್ಲ ಅಂತ ಜೊತೆಗಿನ ತೀರ್ಮಾನದಲ್ಲಿ ಬರೆಸಿಕೊಂಡರು. 2018ರ ಡಿಸೆಂಬರ್‌ನಲ್ಲಿ ವಲಸೆ ಕುರಿತ ಜಾಗತಿಕ ಒಡಂಬಡಿಕೆ ಸಾಮಾನ್ಯ ಸಭೆಗೆ ಬಂದಾಗ 152 ದೇಶಗಳು ಪರವಾಗಿ, 5 ವಿರುದ್ಧವಾಗಿ ಮತ ಹಾಕಿದವು. 12 ತಟಸ್ಥವಾಗಿ ಉಳಿದವು. ವಿರುದ್ಧ ಹಾಕಿದವರಲ್ಲಿ ಅಮೆರಿಕ ಇತ್ತು. ಆ ಒಡಂಬಡಿಕೆ ಕಾನೂನಾಗಿ ಯಾರನ್ನೂ ಕಟ್ಟಿಹಾಕೋದಿಲ್ಲ, ಆದರೂ ವಿರೋಧ ಬಂತು. ಇಷ್ಟು ಗೊತ್ತಿದ್ದರೆ ಅಮೆರಿಕದ ಡೆಲಿಗೇಟ್ ಯಾವ ಪದಕ್ಕೆ ಎದ್ದು ನಿಲ್ಲುತ್ತಾರೆ ಅಂತ ಮೊದಲೇ ಲೆಕ್ಕ ಹಾಕಬಹುದು.

ನಿಯಮಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ, ಸಮ್ಮೇಳನದಿಂದ ಸಮ್ಮೇಳನಕ್ಕೆ ಅವು ಬದಲಾಗುತ್ತವೆ. ಸಂಘಟಕರು ಕಳಿಸಿರುವ ಕೈಪಿಡಿಯನ್ನು ಪೂರ್ತಿ ಓದಿ. ಒಂದನ್ನು ಮಾತ್ರ ತಪ್ಪದೆ ಗಮನಿಸಿ: ನಿರ್ಣಯದ ಕರಡನ್ನು ಮನೆಯಿಂದ ಬರೆದು ತರಬಹುದಾ ಇಲ್ಲವಾ? ಹೇಗ್‌ನಲ್ಲಿ 1968ರಿಂದ ನಡೆಯುತ್ತಿರುವ ಎಂಯುಎನ್ ಸಮ್ಮೇಳನದ ಪದ್ಧತಿ ಅನುಸರಿಸುವ ಕಡೆ ಬರೆದು ತರಲೇಬೇಕು. ಬೇರೆ ಎಷ್ಟೋ ಕಡೆ ಅದು ನಿಷಿದ್ಧ, ಸಿಕ್ಕಿಬಿದ್ದರೆ ಪ್ರಶಸ್ತಿಯಿಂದ ಹೊರಗೆ. ಹಾಜರಿ ಕರೆಯುವಾಗ "ಪ್ರೆಸೆಂಟ್" ಅಂದರೆ ಮುಂದೆ ತಟಸ್ಥವಾಗಿ ಉಳಿಯಬಹುದು. "ಪ್ರೆಸೆಂಟ್ ಅಂಡ್ ವೋಟಿಂಗ್" ಅಂದರೆ ನಿರ್ಣಯಕ್ಕೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಸುಮ್ನೆ ಗತ್ತಿಗೆ ಎರಡನೆಯದನ್ನು ಹೇಳಬೇಡಿ. ಪಾಯಿಂಟ್ ಆಫ್ ಆರ್ಡರ್ ಎತ್ತೋದು ನಿಯಮ ತಪ್ಪಿದಾಗ ಮಾತ್ರ. ಇನ್ನೊಬ್ಬರ ವಾದ ಇಷ್ಟ ಆಗಲಿಲ್ಲ ಅಂತ ಎತ್ತಿದರೆ ಸಭೆ ನಡೆಸುವ ಚೇರ್‌ಗೆ ಕಿರಿಕಿರಿ ಆಗುತ್ತದೆ.

ಈಗ ನಿಮ್ಮ ಅಳುಕಿನ ವಿಷಯ. ನಿಜವಾದ ವಿಶ್ವಸಂಸ್ಥೆಯಲ್ಲೂ ಎಷ್ಟೋ ರಾಯಭಾರಿಗಳು ತಮ್ಮ ಎರಡನೇ ಅಥವಾ ಮೂರನೇ ಭಾಷೆಯಲ್ಲೇ ಮಾತಾಡುತ್ತಾರೆ. ಉಚ್ಚಾರಣೆ ಚೆನ್ನಾಗಿದ್ದವರಿಗೆ ಜಾಸ್ತಿ ಅಂಕ ಕೊಡೋ ಚೇರ್ ಒಳ್ಳೆಯ ಚೇರ್ ಅಲ್ಲ. ನಿಮಗೆ ಬೇಕಾಗಿರೋದು ನಿಧಾನ ಮತ್ತು ಚಿಕ್ಕ ವಾಕ್ಯ. ಒಂದು ನಿಮಿಷಕ್ಕೆ ಸುಮಾರು 120 ಪದ ಸಾಕು, ಅದಕ್ಕಿಂತ ಹೆಚ್ಚು ತುರುಕಬೇಡಿ. ಮೊದಲ ಭಾಷಣ ಹೀಗಿದ್ದರೆ ಚೆನ್ನ:

"ಗೌರವಾನ್ವಿತ ಚೇರ್, 2023ರ ಮಾರ್ಚ್ ಮೊದಲ ವಾರದಲ್ಲಿ ಜೂಡಿ ಮತ್ತು ಕೆವಿನ್ ಎಂಬ ಎರಡು ಚಂಡಮಾರುತಗಳು ವನುವಾಟುವಿಗೆ ಅಪ್ಪಳಿಸಿದವು. ಒಂದರ ಗಾಯ ಕಟ್ಟುವ ಮೊದಲೇ ಇನ್ನೊಂದು ಬಂತು. ನಮ್ಮ ಜನ ಊರು ಬಿಡಲು ಬಯಸುವುದಿಲ್ಲ. ಬಿಡಬೇಕಾಗಿ ಬಂದರೆ, ಯಾವಾಗ, ಎಲ್ಲಿಗೆ ಅನ್ನುವುದನ್ನು ಅವರೇ ನಿರ್ಧರಿಸಬೇಕು. ಇದಕ್ಕಾಗಿ ವನುವಾಟು ಎರಡು ವಿಷಯ ಕೇಳುತ್ತದೆ: ಸಮುದಾಯದ ಒಪ್ಪಿಗೆಯಿಂದಲೇ ಸ್ಥಳಾಂತರ, ಮತ್ತು ಯೋಜನೆ ತಯಾರಿಸಲು ತಾಂತ್ರಿಕ ನೆರವು. ಈ ಎರಡರ ಮೇಲೆ ಕೆಲಸ ಮಾಡಲು ಇಷ್ಟ ಇರುವ ಎಲ್ಲ ನಿಯೋಗಗಳೂ ಮುಂದಿನ ಬಿಡುವಿನಲ್ಲಿ ನಮ್ಮ ಹತ್ತಿರ ಬನ್ನಿ."

ನೋಡಿ, ಇದರಲ್ಲಿ ಅಲಂಕಾರ ಕಡಿಮೆ. ಒಂದು ಘಟನೆ, ಎರಡು ಬೇಡಿಕೆ, ಒಂದು ಕರೆ. ಕೊನೆಯ ಸಾಲೇ ಮುಖ್ಯ. ನೀವು ಕೂತ ಮೇಲೆ ಬೇರೆ ಡೆಲಿಗೇಟ್‌ಗಳು ಬರೆದ ನಾಲ್ಕು ಚೀಟಿ ನಿಮ್ಮ ಹತ್ತಿರ ಬಂದರೆ ಭಾಷಣ ಗೆದ್ದ ಹಾಗೆ. ಮಾತಾಡುವವರ ಪಟ್ಟಿ ತೆರೆದ ಕೂಡಲೇ ದೇಶದ ಹೆಸರಿನ ಫಲಕ (ಪ್ಲಕಾರ್ಡ್) ಎತ್ತಿ. ಹೆದರಿಕೆ ಇರುವವರು ಕಾದಷ್ಟೂ ಹೆದರಿಕೆ ಬೆಳೆಯುತ್ತದೆ. ಅಲ್ಲದೆ ತಡವಾಗಿ ಮಾತಾಡಿದರೆ ನಿಮ್ಮ ಯೋಚನೆಯನ್ನು ಬೇರೆ ಯಾರೋ ಹೇಳಿಬಿಟ್ಟಿರುತ್ತಾರೆ.

ಅಸಲಿ ಕೆಲಸ ಶುರುವಾಗೋದು ಅನ್‌ಮಾಡರೇಟೆಡ್ ಕಾಕಸ್‌ನಲ್ಲಿ, ಅಂದರೆ ಎಲ್ಲರೂ ಕುರ್ಚಿ ಬಿಟ್ಟು ಎದ್ದು ಗುಂಪು ಕೂಡುವ ಹೊತ್ತಿನಲ್ಲಿ. ಅಲ್ಲಿ ದನಿ ಎತ್ತರಿಸಿ "ನಮ್ಮ ಬ್ಲಾಕ್ (ಬಣ) ಇಲ್ಲಿ" ಅಂತ ಕೂಗುವವರು ಇರುತ್ತಾರೆ. ಅವರ ಜೊತೆ ಪೈಪೋಟಿ ಬೇಡ. ಒಂದು ನೋಟ್‌ಬುಕ್ ಹಿಡಿದುಕೊಂಡು ಮೊದಲು ಫಿಜಿ, ತುವಾಲು, ಮಾಲ್ಡೀವ್ಸ್ ಇದ್ದಲ್ಲಿಗೆ ಹೋಗಿ. ಇವೆಲ್ಲ ಸಣ್ಣ ದ್ವೀಪ ದೇಶಗಳ ಕೂಟದಲ್ಲಿ ನಿಮ್ಮ ಜೊತೆಗಾರರು, ಸಹಿ ಸುಲಭವಾಗಿ ಸಿಗುತ್ತದೆ. ಆದರೆ ಅಲ್ಲೇ ನಿಂತುಬಿಡಬೇಡಿ. ಗೆಳೆಯರೊಳಗೇ ಒಪ್ಪಿಕೊಂಡ ಕರಡು ಮತಕ್ಕೆ ಬಂದಾಗ ಸೋಲುತ್ತದೆ. ಬಾಂಗ್ಲಾದೇಶದಂಥ ದೊಡ್ಡ ಜನಸಂಖ್ಯೆಯ ದೇಶ, ಆಫ್ರಿಕಾದ ಒಂದೆರಡು ದೇಶ, ಯುರೋಪಿನ ಒಂದೆರಡು ದೇಶ, ಇಷ್ಟು ನಿಮ್ಮ ಕಡೆ ಇದ್ದರೆ ಕರಡಿಗೆ ಬಲ ಬರುತ್ತದೆ.

ಹತ್ತಿರ ಹೋಗಿ ಏನು ಹೇಳಬೇಕು? ನಿಮ್ಮ ಯೋಚನೆಯನ್ನು ಮೊದಲು ಹೇಳಬೇಡಿ. "ಈ ವಿಷಯದಲ್ಲಿ ನಿಮ್ಮ ದೇಶಕ್ಕೆ ಯಾವುದು ಆಗೋದೇ ಇಲ್ಲ?" ಅಂತ ಕೇಳಿ. ಅವರು ಹೇಳಿದ್ದನ್ನು ಅವರೆದುರೇ ಬರೆದುಕೊಳ್ಳಿ. ತಮ್ಮ ಮಾತನ್ನು ಕೇಳಿಸಿಕೊಂಡವರ ಕರಡಿಗೆ ಜನ ಸಹಿ ಹಾಕುತ್ತಾರೆ. ಬರೆಯುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಮಾತು ಕಡಿಮೆ ಆಡುವವರಿಗೆ ಎಂಯುಎನ್‌ನಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಲ್ಯಾಪ್‌ಟಾಪ್ ಅಥವಾ ಪೆನ್ನು ಯಾರ ಕೈಯಲ್ಲಿ ಇರುತ್ತದೋ, ಯಾವ ಪದ ಉಳಿಯಬೇಕು ಅನ್ನೋದರಲ್ಲಿ ಅವರ ಮಾತು ಜಾಸ್ತಿ ನಡೆಯುತ್ತದೆ.

ಒಂದು ಕಲಂ ಹೇಗೆ ಗಟ್ಟಿಯಾಗುತ್ತದೆ ಅಂತ ಬರೆದೇ ತೋರಿಸುತ್ತೇನೆ. ಮೊದಲ ದಿನ ಸಾಮಾನ್ಯವಾಗಿ ಇಂಥದ್ದು ಬರುತ್ತದೆ:

"ಹವಾಮಾನದಿಂದ ನೆಲೆ ಕಳೆದುಕೊಂಡವರಿಗೆ ಎಲ್ಲ ದೇಶಗಳೂ ನೆರವಾಗಬೇಕೆಂದು ಒತ್ತಾಯಿಸುತ್ತದೆ."

ಯಾರೂ ವಿರೋಧಿಸೋದಿಲ್ಲ, ಯಾಕಂದರೆ ಇದರಲ್ಲಿ ಏನೂ ಇಲ್ಲ. ಯಾವ ನೆರವು? ಯಾರ ಮೂಲಕ? ದುಡ್ಡು ಎಲ್ಲಿಂದ? ಆಯಿತೋ ಇಲ್ಲವೋ ಅಂತ ನೋಡೋರು ಯಾರು? ಈ ಪ್ರಶ್ನೆಗಳನ್ನು ಹಾಕಿಕೊಂಡು ಎರಡನೇ ಸಲ ಬರೆದಾಗ ಕೆಲವರು "ಮಾಲಿನ್ಯಕ್ಕೆ ಕಾರಣವಾದ ದೇಶಗಳು ಪರಿಹಾರ ಧನ ಕೊಡಬೇಕು" ಅಂತ ಸೇರಿಸುತ್ತಾರೆ. ನ್ಯಾಯದ ಮಾತೇ. ಆದರೆ ಆ ಒಂದು ಪದಕ್ಕೆ ಹತ್ತಾರು ದೇಶಗಳು ನಿಮ್ಮಿಂದ ದೂರ ಹೋಗುತ್ತವೆ, ಪ್ಯಾರಿಸ್ ಕಥೆ ಹೇಳಿದೆನಲ್ಲ. ಈಗ ಮೂರನೇ ಸಲ:

"ಸಮುದ್ರ ಮಟ್ಟದ ಏರಿಕೆಯಿಂದ ಸ್ಥಳಾಂತರ ಅನಿವಾರ್ಯವಾದ ಸಮುದಾಯಗಳಿಗೆ, ಆ ಸಮುದಾಯಗಳ ಪೂರ್ವ ಒಪ್ಪಿಗೆಯೊಂದಿಗೆ, ಸ್ಥಳಾಂತರ ಯೋಜನೆ ರೂಪಿಸಲು ತಾಂತ್ರಿಕ ನೆರವು ನೀಡುವಂತೆ ಅಂತರರಾಷ್ಟ್ರೀಯ ವಲಸೆ ಸಂಸ್ಥೆಯನ್ನು ಆಹ್ವಾನಿಸುತ್ತದೆ; ಇದರ ವೆಚ್ಚವನ್ನು ಸದಸ್ಯ ದೇಶಗಳ ಸ್ವಯಂಪ್ರೇರಿತ ವಂತಿಗೆಯಿಂದ ಭರಿಸಲು ಪ್ರೋತ್ಸಾಹಿಸುತ್ತದೆ; ಮತ್ತು ಎರಡು ವರ್ಷಗಳೊಳಗೆ ಈ ಕುರಿತು ವರದಿ ಸಲ್ಲಿಸುವಂತೆ ಪ್ರಧಾನ ಕಾರ್ಯದರ್ಶಿಯವರನ್ನು ಕೋರುತ್ತದೆ;"

ಈಗ ಯಾರು, ಏನು, ಯಾವ ದುಡ್ಡು, ಯಾವಾಗ, ಎಲ್ಲ ಬಂತು. "ಸ್ವಯಂಪ್ರೇರಿತ" ಅನ್ನೋದು ಶ್ರೀಮಂತ ದೇಶಗಳಿಗೆ ಸಮಾಧಾನ. "ಪೂರ್ವ ಒಪ್ಪಿಗೆ" ನಿಮ್ಮ ಜನರಿಗೆ ಬೇಕಾದದ್ದು. ವರದಿ ಇರೋದರಿಂದ ವಿಷಯ ಮತ್ತೆ ಸಭೆಗೆ ಬರುತ್ತದೆ. ಚೌಕಾಸಿಗೆ ಕೂತಾಗ ಎರಡು ವರ್ಷವನ್ನು ಮೂರು ಮಾಡಿ ಅಂದರೆ ಒಪ್ಪಿ. ಸಂಸ್ಥೆ ಬದಲಾಯಿಸಿ ಅಂದರೂ ಯೋಚಿಸಿ. "ಪೂರ್ವ ಒಪ್ಪಿಗೆ" ತೆಗೆಯಿರಿ ಅಂದರೆ ಮಾತ್ರ ಎದ್ದು ಬನ್ನಿ. ಏನನ್ನು ಕೊಡಬಹುದು, ಏನನ್ನು ಕೊಡಬಾರದು ಅನ್ನೋದನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡಿದ್ದರೆ ಗಲಾಟೆಯ ನಡುವೆ ತಲೆ ಕೆಡೋದಿಲ್ಲ.

ಸಹಿ ಕೇಳುವಾಗ ಒಂದು ವಿಷಯ ನೆನಪಿರಲಿ. ಸ್ಪಾನ್ಸರ್ ಅಂದರೆ ಕರಡನ್ನು ಒಪ್ಪಿ ಬೆಂಬಲಿಸುವವರು. ಸಿಗ್ನೇಟರಿ ಅಂದರೆ ಇದು ಚರ್ಚೆಗೆ ಬರಲಿ ಅನ್ನುವವರು ಅಷ್ಟೇ, ಮತ ಹಾಕಲೇಬೇಕು ಅಂತಿಲ್ಲ. ವಿರೋಧಿ ಬಣದವರ ಹತ್ತಿರ ಹೋಗಿಯೂ ಈ ಸಹಿ ಕೇಳಬಹುದು. ಆ ನೆಪದಲ್ಲಿ ಅವರು ನಿಮ್ಮ ಕರಡು ಓದುತ್ತಾರೆ, ತಕರಾರು ಏನು ಅಂತ ನಿಮಗೂ ಗೊತ್ತಾಗುತ್ತದೆ.

ಮತದ ಲೆಕ್ಕ ಮಾಡಿಟ್ಟುಕೊಳ್ಳಿ. ಸರಳ ಬಹುಮತದಲ್ಲಿ ತಟಸ್ಥರನ್ನು ಎಣಿಸೋದಿಲ್ಲ. ಕೋಣೆಯಲ್ಲಿ 60 ದೇಶ ಇವೆ ಅಂದುಕೊಳ್ಳಿ. ಎಲ್ಲರೂ ಮತ ಹಾಕಿದರೆ 31 ಬೇಕು. 14 ದೇಶ ತಟಸ್ಥವಾದರೆ ಉಳಿದದ್ದು 46, ಆಗ 24 ಸಾಕು. ಅಂದರೆ "ಇಲ್ಲ" ಅನ್ನುವವರನ್ನು "ಹೌದು" ಅನ್ನಿಸಲೇಬೇಕು ಅಂತಿಲ್ಲ. ತಟಸ್ಥವಾಗಿ ಉಳಿಯಿರಿ ಅಂತ ಒಪ್ಪಿಸಿದರೂ ನಿಮ್ಮ ಕೆಲಸ ಆಯಿತು. ಅಮೆರಿಕದ ಡೆಲಿಗೇಟ್ ಹತ್ತಿರ ಹೋಗಿ "ಬೆಂಬಲ ಕೊಡಿ" ಅಂದರೆ ಅವರು ಕೊಡೋದು ಕಷ್ಟ, ಅವರ ದೇಶದ ನಿಲುವು ಬೇರೆ. "ಸ್ವಯಂಪ್ರೇರಿತ ಅಂತ ಬರೆದಿದ್ದೇವೆ, ವಿರೋಧ ಮಾತ್ರ ಮಾಡಬೇಡಿ" ಅಂದರೆ ಅವರೂ ತಮ್ಮ ನಿಲುವು ಬಿಡದೆ ಒಪ್ಪಬಹುದು.

ಪ್ರಶಸ್ತಿ ಬಗ್ಗೆ ಕೇಳಿದಿರಿ. ಮೊದಲ ಸಲ ಬಂದವರಿಗೂ ಸಿಗುತ್ತದೆ, ಸಿಕ್ಕಿದ್ದನ್ನು ನೋಡಿದ್ದೇನೆ. ಒಳ್ಳೆಯ ಚೇರ್‌ಗಳು ದೇಶದ ನಿಲುವಿನಲ್ಲೇ ಉಳಿದವರು ಯಾರು, ಕರಡಿನಲ್ಲಿ ಕೆಲಸ ಮಾಡಿದವರು ಯಾರು, ಬೇರೆಯವರನ್ನು ಜೊತೆಗೆ ಕರೆದುಕೊಂಡು ಹೋದವರು ಯಾರು ಅಂತ ನೋಡುತ್ತಾರೆ. ಚೀಟಿ ಕಿತ್ತುಕೊಳ್ಳೋದು, ಹೊಸಬರ ಯೋಚನೆಯನ್ನು ತಮ್ಮದು ಅನ್ನೋದು, ಬ್ಲಾಕ್‌ನಿಂದ ಯಾರನ್ನೋ ಹೊರಗಿಡೋದು, ಇದನ್ನೆಲ್ಲ ಜಾಣತನ ಅಂತ ಕಲಿಸುವವರೂ ಇದ್ದಾರೆ. ನನಗೆ ಅದು ಸ್ವಲ್ಪವೂ ಒಪ್ಪಿಗೆ ಇಲ್ಲ. ನಿಮ್ಮ ಜೊತೆ ಯಾರಾದರೂ ಹಾಗೆ ನಡೆದುಕೊಂಡರೆ ಚೇರ್‌ಗೆ ಚೀಟಿ ಬರೆಯಿರಿ, ಸಂಕೋಚ ಬೇಡ.

ಕೊನೆಯದಾಗಿ ಮತದಾನದ ಹೊತ್ತು. ಎಲ್ಲ ಮುಗಿಯಿತು ಅಂತ ನೀವು ಉಸಿರು ಬಿಡುವಾಗಲೇ ಯಾರೋ ಎದ್ದು "ಡಿವಿಷನ್ ಆಫ್ ದಿ ಕ್ವೆಶ್ಚನ್" ಅನ್ನಬಹುದು. ಅಂದರೆ ಕರಡನ್ನು ಒಟ್ಟಾಗಿ ಅಲ್ಲ, ಕೆಲವು ಕಲಂಗಳನ್ನು ಬಿಡಿಸಿ ಬೇರೆಯಾಗಿ ಮತಕ್ಕೆ ಹಾಕಿ ಅಂತ. ಕಷ್ಟಪಟ್ಟು ಉಳಿಸಿದ ಕಲಂ ಹೊರಗೆ ಬೀಳೋದು ಹೆಚ್ಚಾಗಿ ಇಲ್ಲೇ. ಈ ಕೋರಿಕೆಯ (ಮೋಷನ್) ವಿರುದ್ಧ ಮಾತಾಡಲು ಒಂದಿಬ್ಬರಿಗೆ ಅವಕಾಶ ಇರುತ್ತದೆ. ಹಾಗಾಗಿ ಕೊನೆಯ ಅಧಿವೇಶನಕ್ಕೆ ಮುಂಚಿನ ಬಿಡುವಿನಲ್ಲೇ ಇಬ್ಬರು ಡೆಲಿಗೇಟ್‌ಗಳನ್ನು ಗೊತ್ತು ಮಾಡಿಟ್ಟುಕೊಳ್ಳಿ. ಒಬ್ಬರು ದ್ವೀಪ ದೇಶದವರು, ಇನ್ನೊಬ್ಬರು ನೆರವು ಕೊಡುವ ದೇಶದವರು ಆದರೆ ಇನ್ನೂ ಒಳ್ಳೆಯದು. ಯಾರು ಏನು ಹೇಳಬೇಕು ಅಂತ ಎರಡೆರಡು ಸಾಲು ಬರೆದು ಅವರ ಕೈಗೆ ಕೊಟ್ಟಿರಿ.